ಬಿಸಿನೀರಿನ ಬುಗ್ಗೆಯೂರಿನ ತಂಗುಮನೆಯನ್ನು ಆರಿಸುವ ಮುನ್ನ

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನವೆಂಬರ್ ಎರಡನೆಯ ವಾರ ಅಪ್ಪ ಅಮ್ಮ ಟೋಕಿಯೊಗೆ ಬರುತ್ತಾರೆಂದೂ ಅವರನ್ನು ಎರಡು ರಾತ್ರಿ ರ್ಯೋಕಾನ್ ಎನ್ನುವ ಸಾಂಪ್ರದಾಯಿಕ ಜಪಾನೀ ತಂಗುಮನೆಯೊಂದರಲ್ಲಿ ಇರಿಸಬೇಕೆಂದಿರುವೆಯೆಂದೂ ಓದಿ ಮನಸ್ಸು ತುಂಬಿತು. ನೀನು ಕಳಿಸಿದ ಚಿತ್ರಗಳೆಲ್ಲ ಕಣ್ಣಿಗೆ ಹಬ್ಬವೇ ಸರಿ. ಆದರೂ ಕೆಂಪೆಲೆಗಳ ಚಿತ್ರ ನೋಡಿ ಮುಂಗಡ ಕಟ್ಟಬೇಡ. ಅಮ್ಮನ ಮಂಡಿ, ಅಪ್ಪನ ರಕ್ತದೊತ್ತಡ, ಇಬ್ಬರ ಸಸ್ಯಾಹಾರ, ಇವು ಮೂರಕ್ಕೂ ಒಗ್ಗುವ ಮನೆಯನ್ನು ಮೊದಲು ಹುಡುಕು. ಎಲೆಗಳ ಮಾತು ಆಮೇಲೆ.

ಊಟದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಹಿಂದೊಮ್ಮೆ ನಾನೂ ನಿನ್ನ ದೊಡ್ಡಮ್ಮನೂ ಇಂಥದೇ ಶರತ್ಕಾಲದಲ್ಲಿ ಬೆಟ್ಟದೂರಿನ ತಂಗುಮನೆಯೊಂದಕ್ಕೆ ಹೋಗುವಾಗ ಮಾಂಸವೂ ಮೀನೂ ಬೇಡವೆಂದು ಬರೆದು ತಿಳಿಸಿ ನಿಶ್ಚಿಂತನಾಗಿದ್ದೆ. ಸಂಜೆ ಆರಕ್ಕೆ ಕಪ್ಪು ಅರಗಿನ ಬಟ್ಟಲಲ್ಲಿ ತಿಳಿಸಾರು ಬಂತು. ಮುಚ್ಚಳ ತೆಗೆದರೆ ಒಂದು ತುಂಡು ತೋಫು, ಎಲೆಯ ಆಕಾರಕ್ಕೆ ಕೊಯ್ದ ಗಜ್ಜರಿ, ಮೇಲೊಂದು ಎಳೆ ಯುಜು ಹಣ್ಣಿನ ಸಿಪ್ಪೆ. ದೊಡ್ಡಮ್ಮ ಒಂದು ಗುಟುಕು ಕುಡಿದು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. ಅದರಲ್ಲಿ ಮೀನಿನ ಚೂರು ಒಂದೂ ಇರಲಿಲ್ಲ, ಆದರೆ ಸಾರಿಗೆ ಬಳಸಿದ ನೀರೇ ಒಣಗಿಸಿದ ಕತ್ಸುವೊ ಮೀನನ್ನು ತೆಳ್ಳಗೆ ಹೆರೆದ ಎಸಳುಗಳಿಂದ ಬಸಿದ ದಾಶಿಯಾಗಿತ್ತು. ಬಡಿಸಿದವರ ತಪ್ಪಲ್ಲ, ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಅವರ ಅಡುಗೆಗೆ ದಾಶಿ ಹಾಗೆ, ಅದನ್ನು ಮೀನೆಂದು ಅವರು ಎಣಿಸುವುದಿಲ್ಲ. ಎರಡು ರಾತ್ರಿಯೂ ಅವಳು ಅನ್ನ, ಉಪ್ಪಿನಕಾಯಿಯಲ್ಲೇ ಕಳೆದಳು. ಆದ್ದರಿಂದ ಕೊಂಬು ಎಂಬ ಕಡಲಪಾಚಿ ಮತ್ತು ಶಿತಾಕೆ ಅಣಬೆಯಿಂದ ಮಾತ್ರ ದಾಶಿ ತೆಗೆದು ಅಡುಗೆ ಮಾಡಬಲ್ಲಿರಾ ಎಂದು ಕಾಯ್ದಿರಿಸುವ ಮೊದಲೇ ಬಿಡಿಸಿ ಕೇಳು. ಬೌದ್ಧ ಮಠಗಳ ಶೋಜಿನ್ ರ್ಯೋರಿ ಎಂಬ ಸಸ್ಯಾಹಾರಿ ಅಡುಗೆಯಲ್ಲಿ ಇದು ಹಳೆಯ ರೂಢಿ, ಆದ್ದರಿಂದ ಬಾಣಸಿಗರಿಗೆ ಹೊಸದೇನಲ್ಲ. ಅವರು ಅನುಮಾನಿಸಿದರೆ ಊಟವಿಲ್ಲದ ಕೋಣೆಯನ್ನಷ್ಟೇ ಹಿಡಿ.

ಇನ್ನು ಸ್ನಾನದ ವಿಷಯ. ಗಂಡಸರಿಗೂ ಹೆಂಗಸರಿಗೂ ಕೊಳಗಳು ಸಾಮಾನ್ಯವಾಗಿ ಬೇರೆಬೇರೆಯಾದರೂ ಒಳಗೆ ಬಟ್ಟೆ ತೊಟ್ಟು ಇಳಿಯುವಂತಿಲ್ಲ. ನಿನ್ನ ಅಮ್ಮ ಸಂಕೋಚವನ್ನು ಬಾಯಿಬಿಟ್ಟು ಹೇಳುವವಳಲ್ಲ. ಬಿಸಿನೀರಿಗೆಂದು ಅಷ್ಟು ದೂರ ಹೋಗಿ ಕೋಣೆಯಲ್ಲೇ ಕುಳಿತುಬಿಟ್ಟಾಳು. ಕೋಣೆಗೇ ಸೇರಿದ ಕೊಳವಿರುವ ಅಥವಾ ಕಾಶಿಕಿರಿ ಎನ್ನುವ, ಒಂದು ಕುಟುಂಬಕ್ಕಾಗಿ ಹೊತ್ತು ಗೊತ್ತುಮಾಡಿ ಬಿಟ್ಟುಕೊಡುವ ಸ್ನಾನಗೃಹವಿರುವ ಮನೆಯನ್ನೇ ಆರಿಸು. ಅಪ್ಪನ ವಿಷಯದಲ್ಲಿ ಮೊದಲು ವೈದ್ಯರನ್ನು ಕೇಳು. ನೀರು ಸುಮಾರು 42 ಡಿಗ್ರಿ ಇರುತ್ತದೆ, ಹೊರಗಿನ ಗಾಳಿ ಕೊರೆಯುತ್ತದೆ. ಕೋಣೆಯಿಂದ ಕೊಳಕ್ಕೆ ಎಷ್ಟು ಮೆಟ್ಟಿಲಿವೆ, ಹಿಡಿಗಂಬಿ ಇದೆಯೇ ಎಂಬುದನ್ನೂ ವಿಚಾರಿಸು. ತತಾಮಿ ಚಾಪೆಯ ಮೇಲಿನ ಫುತೋನ್ ಹಾಸಿಗೆಯಿಂದ ಏಳುವುದು ಅಮ್ಮನ ಮಂಡಿಗೆ ಕಷ್ಟ, ತತಾಮಿಯ ಜೊತೆಗೆ ಮಂಚವೂ ಇರುವ ಕೋಣೆಗಳು ಈಗ ಸಿಗುತ್ತವೆ.

ಓನ್‌ಸೆನ್, ಅಂದರೆ ಬಿಸಿನೀರಿನ ಬುಗ್ಗೆ, ಎಂಬ ಹೆಸರೊಂದನ್ನೇ ನಂಬಬೇಡ. 1948ರ ಕಾನೂನಿನಂತೆ ನೀರು ನೆಲದಿಂದ ಬರುವಾಗ 25 ಡಿಗ್ರಿ ಅಥವಾ ಹೆಚ್ಚು ಇದ್ದರೆ, ಅಥವಾ ಗೊತ್ತುಪಡಿಸಿದ ಖನಿಜಗಳಲ್ಲಿ ಒಂದು ಸಾಕಷ್ಟಿದ್ದರೆ ಅದು ಓನ್‌ಸೆನ್. ಹಾಗಾಗಿ ಕಾಯಿಸಿದ, ಶೋಧಿಸಿ ಮತ್ತೆ ಮತ್ತೆ ತಿರುಗಿಸಿದ ನೀರಿಗೂ ಆ ಹೆಸರು ಸಲ್ಲುತ್ತದೆ. ಬುಗ್ಗೆಯ ನೀರು ಸದಾ ಹರಿದು ಹೊರಹೋಗುತ್ತಿದ್ದರೆ ಅದಕ್ಕೆ ಗೆನ್ಸೆನ್ ಕಾಕೆನಾಗಾಶಿ ಎನ್ನುತ್ತಾರೆ. ಆ ಮಾತನ್ನು ಹುಡುಕು.

ಊರಿನ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ನೀನು ಮೆಚ್ಚಿದ ನಿಕ್ಕೊ ಮೇಲಿನ ಯುಮೊತೊ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಎಲೆ ಕೆಂಪಾಗುವುದು ಅಕ್ಟೋಬರಿನಲ್ಲೇ. ನೀವು ಹೋಗುವ ಹೊತ್ತಿಗೆ ಕೊಂಬೆಗಳು ಬೋಳಾಗಿರುತ್ತವೆ. ಕುಸಾತ್ಸುವಿನ ನೀರು ಬಲವಾದ ಆಮ್ಲೀಯ, ವಯಸ್ಸಾದವರ ಚರ್ಮಕ್ಕೆ ಉರಿ ತಂದೀತು. ಹಕೊನೆಗೆ ಹೋಗು. ಶಿಂಜುಕುವಿನಿಂದ ರೈಲಿನಲ್ಲಿ ಒಂದೂವರೆ ಗಂಟೆ, ನವೆಂಬರಿನಲ್ಲಿ ಅಲ್ಲಿ ಎಲೆ ಕೆಂಪಾಗಿರುತ್ತದೆ, ಸೆಂಗೊಕುಹರದ ಸುಸುಕಿ ಹುಲ್ಲಿನ ಬಯಲೂ ಹೊಂಬಣ್ಣಕ್ಕೆ ತಿರುಗಿರುತ್ತದೆ.

ಬೆಲೆಯನ್ನು ಹೆಚ್ಚಾಗಿ ಕೋಣೆಗಲ್ಲ, ತಲೆಗೆ ಲೆಕ್ಕ ಹಾಕುತ್ತಾರೆಂಬುದನ್ನು ಮರೆಯಬೇಡ; ಶನಿವಾರದ ರಾತ್ರಿ ಬಿಟ್ಟು ವಾರದ ನಡುವೆ ಹಿಡಿದರೆ ಗಣನೀಯವಾಗಿ ಇಳಿಯುತ್ತದೆ.

ಶರತ್ಕಾಲದ ಕೋಣೆಗಳು ಬೇಗ ತುಂಬುವುದರಿಂದ ಇಂದೇ ಎರಡು ಮೂರು ಮನೆಗಳಿಗೆ ಬರೆ. ಉತ್ತರ ಬಂದೊಡನೆ ನನಗೂ ಕಳಿಸು. ದಾಶಿಯ ಬಗ್ಗೆ ಅವರು ಏನೆಂದಿದ್ದಾರೆಂದು ದೊಡ್ಡಮ್ಮ ತಾನೇ ಓದಿ ನೋಡಬೇಕೆಂದಿದ್ದಾಳೆ.

ಇಂತು ನಿನ್ನ ಹಿತವನ್ನು ಬಯಸುವ
ದೊಡ್ಡಪ್ಪ