ಡ್ಯಾಶ್‌ಕ್ಯಾಮ್: 4ಕೆ ಒಂದನ್ನೇ ನೋಡಿ ಕೊಳ್ಳಬೇಡಿ

ಮಾನ್ಯರೇ,

ಕಾರಿನ ಗಾಜಿಗೆ ದಾರಿಯ ದೃಶ್ಯವನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್ ಅಂಟಿಸುವವರು ಹೆಚ್ಚುತ್ತಿರುವುದು ಒಳ್ಳೆಯದೇ. ಆದರೆ ಬಹಳಷ್ಟು ಮಂದಿ ಪೆಟ್ಟಿಗೆಯ ಮೇಲಿನ ‘4ಕೆ’ (ಚಿತ್ರ ಬಹಳ ಸ್ಪಷ್ಟ ಎನ್ನುವ ಗುರುತು) ನೋಡಿ ಕೊಳ್ಳುತ್ತಾರೆ. ಗುದ್ದಿಕೊಂಡ ದಿನ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಆ ಹೊತ್ತಿನ ದೃಶ್ಯವೇ ಸಿಗುವುದಿಲ್ಲ. ಚಿತ್ರ ಎಷ್ಟು ಚೆನ್ನಾಗಿದೆ ಎನ್ನುವುದು ಆಮೇಲಿನ ಮಾತು. ಬೇಕಾದ ಹೊತ್ತಿನಲ್ಲಿ ರೆಕಾರ್ಡ್ ಆಗಿರುತ್ತದೆಯೇ ಎಂದು ಮೊದಲು ಕೇಳಬೇಕು.

ರೆಕಾರ್ಡಿಂಗ್ ಕೆಡಿಸುವುದರಲ್ಲಿ ಬಿಸಿಲಿನ ಪಾತ್ರ ದೊಡ್ಡದು. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಒಳಗೆ ಲಿಥಿಯಂ ಬ್ಯಾಟರಿ ಇರುವ ಕ್ಯಾಮೆರಾ ಅಷ್ಟು ಕಾವನ್ನು ಪದೇ ಪದೇ ತಡೆಯದು. ಬ್ಯಾಟರಿ ಉಬ್ಬಿ ಹೊರಕವಚದ ಬೆಸುಗೆ ಬಿಟ್ಟುಕೊಳ್ಳುತ್ತದೆ. ಬ್ಯಾಟರಿಯ ಬದಲು ಸ್ವಲ್ಪ ಹೊತ್ತಿಗಷ್ಟೇ ವಿದ್ಯುತ್ ಹಿಡಿದಿಡುವ ಸೂಪರ್ ಕೆಪಾಸಿಟರ್ ಇರುವುದನ್ನೇ ಆರಿಸಿ. ವಿದ್ಯುತ್ ಕಡಿತವಾದ ಮೇಲೆ ಅದರ ಕೆಲಸ ಕೆಲವೇ ಸೆಕೆಂಡಿನದು: ತೆರೆದಿರುವ ಫೈಲನ್ನು ಸರಿಯಾಗಿ ಮುಚ್ಚುವುದು. ಗುದ್ದಿದ ರಭಸಕ್ಕೆ ವೈರ್ ಕಳಚಿದಾಗ ಈ ಕೆಲಸ ನಡೆಯದಿದ್ದರೆ, ತೆರೆಯಲಾಗದೆ ಕೆಡುವುದು ಕೊನೆಯ ಫೈಲೇ, ಅಂದರೆ ಅಪಘಾತದ ಫೈಲೇ.

ಇನ್ನು ಮೆಮೊರಿ ಕಾರ್ಡ್. ಕ್ಯಾಮೆರಾಕ್ಕೆ ಧಾರಾಳವಾಗಿ ಖರ್ಚು ಮಾಡಿ ಇದರಲ್ಲಿ ಕೈ ಬಿಗಿ ಹಿಡಿಯುವವರೇ ಹೆಚ್ಚು. ಸೆಕೆಂಡಿಗೆ 15 ಮೆಗಾಬಿಟ್ ವೇಗದಲ್ಲಿ ಬರೆಯುವ ಫುಲ್ ಎಚ್‌ಡಿ ಕ್ಯಾಮೆರಾ ಗಂಟೆಗೆ ಸುಮಾರು 6.75 ಜಿಬಿ ತುಂಬುತ್ತದೆ. 64 ಜಿಬಿ ಕಾರ್ಡಿನಲ್ಲಿ ಸುಮಾರು 9 ಗಂಟೆಯ ದೃಶ್ಯ ಇರುತ್ತದೆ, ಆಮೇಲೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತದೆ. ಫೋನಿಗೆಂದು ಮಾಡಿದ ಸಾಮಾನ್ಯ ಕಾರ್ಡ್ ಈ ಬಿಡುವಿಲ್ಲದ ಬರಹಕ್ಕೆ ಬೇಗ ಸವೆಯುತ್ತದೆ. ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಲೇ ಇರುತ್ತದೆ, ಕಾರ್ಡಿನಲ್ಲಿ ಏನೂ ಉಳಿದಿರುವುದಿಲ್ಲ. ‘ಹೈ ಎಂಡ್ಯೂರೆನ್ಸ್’ (ಹೆಚ್ಚು ಬಾಳಿಕೆಯದು) ಎಂದು ಬರೆದಿರುವ ಕಾರ್ಡನ್ನೇ ಹಾಕಿ, ತಿಂಗಳಿಗೊಮ್ಮೆ ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ.

ಜಿ-ಸೆನ್ಸರ್ ಬಗ್ಗೆ ಒಂದು ಮಾತು. ಹೊಡೆತ ಬಿದ್ದಾಗಿನ ಫೈಲ್ ಅಳಿಯದಂತೆ ಬೀಗ ಹಾಕುವುದು ಇದರ ಕೆಲಸ. ಸೂಕ್ಷ್ಮತೆ ‘ಹೈ’ ಇದ್ದರೆ ಪ್ರತಿ ಹಂಪ್, ಪ್ರತಿ ಗುಂಡಿಯೂ ಅದಕ್ಕೆ ಅಪಘಾತವೇ. ಕೆಲವು ಕ್ಯಾಮೆರಾಗಳಲ್ಲಿ ಬೀಗ ಹಾಕಿದ ಫೈಲುಗಳೇ ಕಾರ್ಡನ್ನು ತುಂಬಿ ಹೊಸ ರೆಕಾರ್ಡಿಂಗ್ ನಿಂತುಹೋಗುತ್ತದೆ. ‘ಲೋ’ಗೆ ಇಳಿಸಿಡಿ.

ಚಿತ್ರದ ವಿಷಯಕ್ಕೆ ಬಂದರೆ, ನಿಜವಾದ 4ಕೆಗೆ ಸುಮಾರು 8 ಮೆಗಾಪಿಕ್ಸೆಲ್‌ನ, ಚಿತ್ರ ಸೆರೆಹಿಡಿಯುವ ಸೆನ್ಸರ್ ಬೇಕು. ಸೋನಿ ಐಎಂಎಕ್ಸ್335 ಸೆನ್ಸರ್ 5 ಮೆಗಾಪಿಕ್ಸೆಲ್‌ನದು. ಅದನ್ನಿಟ್ಟು 4ಕೆ ಎಂದರೆ ಚಿತ್ರವನ್ನು ಹಿಗ್ಗಿಸಿದ್ದಾರೆ ಎಂದೇ ಅರ್ಥ. ಐಎಂಎಕ್ಸ್415, ಐಎಂಎಕ್ಸ್678 ಇವು 8 ಮೆಗಾಪಿಕ್ಸೆಲ್‌ನವು. ರಾತ್ರಿ ಹೊತ್ತು ನಂಬರ್ ಪ್ಲೇಟ್ ಓದುವುದು ಯಾವ ಕ್ಯಾಮೆರಾಕ್ಕೂ ಕಷ್ಟವೇ. ಬೆಳಕು ಸಾಲದೆ ಶಟರ್ ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ, ಗಂಟೆಗೆ 60 ಕಿ.ಮೀ. ವೇಗದ ವಾಹನ ಅಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಮುಂದೆ ಸರಿದಿರುತ್ತದೆ. ಅಂಕಿಗಳು ಕಲಸಿಹೋಗದೆ ಇನ್ನೇನು? 170 ಡಿಗ್ರಿ ಅಗಲದ ಲೆನ್ಸ್ ಕೂಡ ಬೇಡ. ಅದರಲ್ಲಿ ಎದುರಿನ ಪ್ಲೇಟ್ ತೀರಾ ಚಿಕ್ಕದಾಗುತ್ತದೆ. 130ರಿಂದ 140 ಡಿಗ್ರಿ ಸಾಕು.

ಕೂರಿಸುವ ಜಾಗ ಒಳಗನ್ನಡಿಯ ಹಿಂದೆ, ವೈಪರ್ ಒರೆಸುವ ಭಾಗದಲ್ಲಿರಲಿ. ಮಳೆ ಸೆನ್ಸರಿಗೂ ಕಾರಿನದೇ ಕ್ಯಾಮೆರಾಕ್ಕೂ ಅಡ್ಡ ಬರಬಾರದು. ವೈರನ್ನು ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿಸುವಾಗ ಪರದೆ ಏರ್‌ಬ್ಯಾಗಿನ (ಪಕ್ಕದ ಕಿಟಕಿಗಳ ಮೇಲೆ ಇಳಿಯುವ ಏರ್‌ಬ್ಯಾಗ್) ಹಿಂದಿನಿಂದಲೇ ತನ್ನಿ; ಮುಂದಿನಿಂದ ಹಾಯಿಸಿದರೆ ಬ್ಯಾಗ್ ಬಿಚ್ಚಿಕೊಳ್ಳುವಾಗ ವೈರ್ ಅಡ್ಡವಾಗುತ್ತದೆ. ಈ ಒಂದು ವಿಷಯದಲ್ಲಿ ಅವಸರ ಬೇಡವೇ ಬೇಡ, ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ. ಏರ್‌ಬ್ಯಾಗಿನ ಫ್ಯೂಸಿನಿಂದ ವಿದ್ಯುತ್ ತೆಗೆಯುವುದೂ ಕೂಡದು.

ಕಾರು ನಿಂತಾಗಲೂ ರೆಕಾರ್ಡ್ ಆಗಬೇಕೆಂದರೆ ಕಾರಿನ ಬ್ಯಾಟರಿಯ ಲೆಕ್ಕ ಹಾಕಿ. 0.3 ಆಂಪಿಯರ್ ಎಳೆಯುವ ಕ್ಯಾಮೆರಾ ದಿನವಿಡೀ ಓಡಿದರೆ 7.2 ಆಂಪಿಯರ್-ಅವರ್ ಖಾಲಿ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನ ಕದಲದೆ ನಿಂತರೆ ಎಂಜಿನ್ ಸ್ಟಾರ್ಟ್ ಆಗುವುದು ಅನುಮಾನ. ಕ್ಯಾಮೆರಾವನ್ನು ಕಾರಿನ ವಿದ್ಯುತ್ತಿಗೆ ನೇರವಾಗಿ ಜೋಡಿಸುವ ಹಾರ್ಡ್‌ವೈರ್ ಕಿಟ್‌ನಲ್ಲಿ ವಿದ್ಯುತ್ ತಾನಾಗಿಯೇ ನಿಲ್ಲುವ ಮಟ್ಟವನ್ನು 12.2 ವೋಲ್ಟ್‌ಗೆ ಇಡಿ. ಆಗ ಬ್ಯಾಟರಿಯಲ್ಲಿ ಸುಮಾರು ಅರ್ಧ ಚಾರ್ಜ್ ಉಳಿದಿರುತ್ತದೆ. ದಿನಾಂಕ, ಸಮಯವನ್ನೂ ಆಗಾಗ ನೋಡಿ ಸರಿಪಡಿಸಿ. ತಪ್ಪು ಗಂಟೆ ಮುದ್ರೆಯಾದ ದೃಶ್ಯವನ್ನು ಎದುರಿನವರು ಸುಲಭವಾಗಿ ಪ್ರಶ್ನಿಸುತ್ತಾರೆ.

ತಯಾರಕರು ಒಳಗಿರುವುದು ಬ್ಯಾಟರಿಯೋ ಕೆಪಾಸಿಟರೋ, ಸೆನ್ಸರ್ ಯಾವುದು, ಎಷ್ಟು ಡಿಗ್ರಿವರೆಗೆ ತಾಳುತ್ತದೆ, ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರೆಯುತ್ತದೆ ಎಂಬ ನಾಲ್ಕನ್ನೂ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಬೇಕು. ನಿಮ್ಮ ಪತ್ರಿಕೆ ಡ್ಯಾಶ್‌ಕ್ಯಾಮ್‌ಗಳ ವಿಮರ್ಶೆ ಪ್ರಕಟಿಸುವುದಾದರೆ, ಮಧ್ಯಾಹ್ನವಿಡೀ ಬಿಸಿಲಲ್ಲಿ ಮುಚ್ಚಿಟ್ಟ ಕಾರಿನಲ್ಲಿ ಅವನ್ನು ಪರೀಕ್ಷಿಸಿ ಫಲಿತಾಂಶ ಕೊಡಬೇಕೆಂದು ಕೋರುತ್ತೇನೆ.

– ಕಾರು ವೈರಿಂಗ್ ಕೆಲಸ ಬಲ್ಲ ಓದುಗ