ಕುದುರೆಮುಖದ ನೆನಪು: ಭಾನುವಾರದೊಳಗೆ ಕಳಿಸಿ

ಎಲ್ಲರಿಗೂ ನಮಸ್ಕಾರ.

ನಮ್ಮ ಕುದುರೆಮುಖ ಕಬ್ಬಿಣದ ಗಣಿ ಟೌನ್‌ಶಿಪ್‌ನ ನೆನಪುಗಳನ್ನು ಒಟ್ಟು ಮಾಡುತ್ತಿರುವುದು ಗೊತ್ತೇ ಇದೆ. ಈವರೆಗೆ ಬಂದದ್ದರಲ್ಲಿ ಮಳೆಯ ಕಥೆಯೇ ಜಾಸ್ತಿ! ಒಲೆ ಪಕ್ಕ ಯೂನಿಫಾರ್ಮ್ ಒಣಗಿಸಿದ್ದು ಎಲ್ಲರ ಮನೆಯಲ್ಲೂ ಇದ್ದದ್ದೇ, ಅಲ್ವಾ?

ಈಗ ಕೆಲಸದ ಕಥೆ ಬೇಕು. ಲಕ್ಯಾ ಅಣೆಕಟ್ಟು, ಶಿಫ್ಟ್ ಬಸ್ಸು, ಪಣಂಬೂರಿನವರೆಗೆ 67 ಕಿ.ಮೀ. ಪೈಪಿನಲ್ಲಿ ಅದಿರಿನ ರಾಡಿ ಹರಿಸುತ್ತಿದ್ದದ್ದು – ಇದನ್ನೆಲ್ಲ ಅಲ್ಲಿ ದುಡಿದ ಹಿರಿಯರೇ ಹೇಳಬೇಕು. 2005ರ ಕೊನೆಗೆ ಗಣಿ ನಿಂತ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿದ ದಿನದ ಬಗ್ಗೆಯೂ ಹೇಳಿ, ಬೇಜಾರಾದರೂ ಸರಿ.

ಟೈಪ್ ಮಾಡಲು ಕಷ್ಟವಾದರೆ ವಾಯ್ಸ್ ಮೆಸೇಜ್ ಸಾಕು. ಹಳೆ ಫೋಟೊ ಆದರೆ ಯಾವ ವರ್ಷ, ಯಾರ್ಯಾರು ಅಂತ ಬರೆಯಿರಿ. ಭಾನುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಕಳಿಸುವವರು ಇವತ್ತೇ ‘ಹೂಂ’ ಅನ್ನಿ.

ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಚಿತ್ರಗಳಿಗೆ ರಜೆ, ದಯವಿಟ್ಟು!