‘ಪುಟ್ ಅಪ್’ ಬಗ್ಗೆ ಚಿನ್ನುಗೆ ದೊಡ್ಡಪ್ಪನ ಪತ್ರ

ಪ್ರೀತಿಯ ಚಿನ್ನು,

ದೊಡ್ಡಪ್ಪನ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ರೂಮಿನ ಗೆಳತಿ ಎರಡು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ ಅಂದೆ. ಅವಳ ಎದುರಿಗೇ ಯಾರಿಗೋ ‘ಐ ಆಮ್ ಪುಟಿಂಗ್ ಅಪ್ ವಿತ್ ಹರ್’ ಅಂದಿದ್ದೆಯಂತೆ. ಕಾರಣ ಅದೇ ಇರಬೇಕು ಮಗಳೇ.

ನೀನು ಹೇಳಲು ಹೊರಟಿದ್ದು ‘ಅವಳ ಜೊತೆ ಉಳಿದುಕೊಂಡಿದ್ದೇನೆ’ ಅಂತ. ಇಂಗ್ಲೆಂಡಿನ ಲೀಡ್ಸ್ ಊರಿನ ಆ ಹುಡುಗಿಗೆ ಕೇಳಿಸಿದ್ದು ‘ಇವಳನ್ನು ಹೇಗೋ ಸಹಿಸಿಕೊಂಡಿದ್ದೇನೆ’ ಅಂತ. ಪಾಪ, ಅವಳಿಗೆ ನೋವಾಗದೆ ಇರುತ್ತಾ?

ನಮ್ಮ ಕಡೆ ‘ವೇರ್ ಆರ್ ಯು ಪುಟ್ ಅಪ್?’ ಅಂದರೆ ಮನೆ ಎಲ್ಲಿ ಅಂತಲೇ ಅರ್ಥ. ನೀನಿರುವ ಇಂಗ್ಲೆಂಡಿನಲ್ಲಿ ಅದು ನಾಲ್ಕು ದಿನ ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ ತಂಗುವುದಕ್ಕೆ ಹೇಳುವ ಮಾತು. ಮನೆಗೆ ‘ಲಿವ್’ ಸಾಕು. ಯಾರ ಜೊತೆಗಾದರೂ ಇದ್ದರೆ ‘ಸ್ಟೇಯಿಂಗ್ ವಿತ್’ ಅನ್ನು.

ತಾಲ್ಲೂಕು ಕಚೇರಿಯಲ್ಲಿ ನಾನು ದಿನಾ ಕೇಳಿದ ‘ಪುಟ್ ಅಪ್’ ಇನ್ನೊಂದು. ಸಾಹೇಬರು ‘ಫೈಲ್ ಪುಟ್ ಅಪ್ ಮಾಡಿ’ ಅಂದರೆ, ಟಿಪ್ಪಣಿ ಬರೆದು ಆದೇಶಕ್ಕೆ ಮಂಡಿಸಿ ಅಂತ. ಅದು ನಮ್ಮ ದೇಶದ ಸರ್ಕಾರಿ ಇಂಗ್ಲಿಷ್. ನಿನಗೆ ಅಲ್ಲಿ ‘ಸಬ್ಮಿಟ್’ ಸಾಕು.

ಪೋಸ್ಟರ್ ಅಂಟಿಸಿದರೂ, ಟೆಂಟ್ ಹಾಕಿದರೂ, ಕೈ ಎತ್ತಿದರೂ, ಕೊಡೆ ಬಿಚ್ಚಿದರೂ, ಬೆಲೆ ಏರಿಸಿದರೂ ಪುಟ್ ಅಪ್ಪೇ. ಈ ಅರ್ಥಗಳಲ್ಲಿ ‘ಪುಟ್ ಅಪ್ ದ ಟೆಂಟ್’, ‘ಪುಟ್ ದ ಟೆಂಟ್ ಅಪ್’ ಎರಡೂ ಸರಿ. ಆದರೆ ‘ಇಟ್’ ಬಂದರೆ ನಡುವೆಯೇ ಕೂರಬೇಕು: ‘ಪುಟ್ ಇಟ್ ಅಪ್’. ಕೊನೆಗೆ ‘ವಿತ್’ ಸೇರಿ ಸಹಿಸು ಅನ್ನುವ ಅರ್ಥ ಬಂದಾಗ ಮಾತ್ರ ಮೂರೂ ಪದ ಅಂಟಿಕೊಂಡೇ ಇರುತ್ತವೆ: ‘ಪುಟ್ ಅಪ್ ವಿತ್ ಇಟ್’. ಅದೂ ಪ್ರೀತಿಯ ತಾಳ್ಮೆ ಅಲ್ಲ, ಬೇಡದ್ದನ್ನು ವಿಧಿಯಿಲ್ಲದೆ ಸಹಿಸುವುದು.

ಇದನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡ. ನಮ್ಮ ‘ಹಾಕು’ ನೋಡು. ಕೆಲಸಕ್ಕೆ ಕೈ ಹಾಕಿದ, ಅವಳ ಆಸ್ತಿ ಮೇಲೆ ಕಣ್ಣು ಹಾಕಿದ, ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ನಿನಗೆ ಯಾರೂ ಇವನ್ನು ಕೂರಿಸಿಕೊಂಡು ಹೇಳಿಕೊಟ್ಟಿಲ್ಲ ಅಲ್ವಾ? ಅಜ್ಜಿಯ ಬಾಯಲ್ಲಿ ಕೇಳಿ ಕೇಳಿ ಬಂತು. ಅಲ್ಲೂ ಹಾಗೆಯೇ ಕಿವಿಗೊಡು. ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಹೇಳುವ ಇಡೀ ವಾಕ್ಯವನ್ನೇ ಬರೆದಿಟ್ಟುಕೋ. ಬರೀ ಪದ ಬರೆದುಕೊಂಡರೆ ಅದರ ಅಕ್ಕಪಕ್ಕ ಏನಿತ್ತು ಅಂತ ಮರೆತುಹೋಗುತ್ತದೆ.

ಆ ಹುಡುಗಿಗೆ ಮೆಸೇಜ್ ಹಾಕಿ ಸುಮ್ನಾಗಬೇಡ. ಇವತ್ತೇ ಟೀ ಮಾಡಿಕೊಟ್ಟು, ಎದುರಿಗೆ ಕೂತು, ನಮ್ಮ ಊರಿನಲ್ಲಿ ಈ ಮಾತಿಗೆ ಏನರ್ಥ ಅಂತ ಬಿಡಿಸಿ ಹೇಳು. ಇನ್ನೊಂದು, ರೂಮಿನ ಹೀಟರ್ ಕೆಟ್ಟು ವಾರವಾಯಿತು ಅಂದೆಯಲ್ಲ. ಮನೆ ಮಾಲೀಕರಿಗೆ ‘ಐ ಕಾಂಟ್ ಪುಟ್ ಅಪ್ ವಿತ್ ದಿಸ್’ ಅಂತ ಧೈರ್ಯವಾಗಿ ಬರೆ. ಅಲ್ಲಿ ಆ ಮಾತು ಸರಿಯಾಗಿ ಕೂರುತ್ತದೆ. ರಿಪೇರಿ ಆಗುವವರೆಗೆ ಅಮ್ಮ ಕೊಟ್ಟ ರಗ್ಗನ್ನು ಹೊದ್ದುಕೋ.

ಇಂತಿ,
ನಿನ್ನ ದೊಡ್ಡಪ್ಪ